ದಿವಂಗತರ ಕಲ್ಲು

ನಮ್ಮೂರಿನ ನಾಗರಿಕ ಸೇವಾನಿಧಿಯಲ್ಲಿ ನಾನು ಇಪ್ಪತ್ತೆರಡು ವರ್ಷದ ಗುಮಾಸ್ತ. ಜನ ಉಯಿಲಿನಲ್ಲಿ ಬಿಟ್ಟುಹೋದ ಆಸ್ತಿಯಿಂದ ಊರ ಕೆಲಸ ಮಾಡಿಸುವುದು ನಿಧಿಯ ಕೆಲಸ. ಹಾಗೆ ಬಿಟ್ಟುಹೋದವರ ಹೆಸರನ್ನು ಅಂಗಳದ ಕಲ್ಲಿನಲ್ಲಿ ಕೆತ್ತಿಸುತ್ತೇವೆ.

ಒಂದು ದಿನ ಎಣ್ಣೆಗಿರಣಿ ಗುರುಶಾಂತಪ್ಪನವರು ಬಂದು ಉಯಿಲನ್ನು ಮೇಜಿಗೆ ಬಡಿದರು.

"ನಾನು ಸತ್ತ ಮೇಲೆ ಗಿರಣಿ ನಿಮ್ಮದು. ವಾಚನಾಲಯ ಮಾಡಿ. ಆದರೆ ಹೆಸರು ಈಗಲೇ ಕೆತ್ತಬೇಕು, ಎಲ್ಲರಿಗಿಂತ ಮೇಲೆ. ನಾನು ಕಣ್ಣಾರೆ ನೋಡಬೇಕು!"

ಇಲ್ಲ ಅಂದರೆ ಗಿರಣಿ ಕೈತಪ್ಪುತ್ತದೆ. "ಆಗಲಿ ಯಜಮಾನ್ರೇ" ಅಂದೆ. ಮರುದಿನ ಸಂಜೆಗೆ ಕೆತ್ತಿಸಿದೆ, ಆ ಕಲ್ಲಿನ ಪದ್ಧತಿಯಂತೆಯೇ: ದಿವಂಗತ ಗುರುಶಾಂತಪ್ಪನವರು.

ನೋಡಲು ಬಂದ ಗುರುಶಾಂತಪ್ಪನವರ ಮುಖ ಬಿಳಿಚಿತು. "ನಾನಿನ್ನೂ ಬದುಕಿದ್ದೀನಲ್ಲಯ್ಯಾ!"

"ಬದುಕಿರೋರ ಕಲ್ಲು ಆ ಕಡೆ ಇದೆ. ಅದರಲ್ಲಿ ಹೆಸರು ಬರಬೇಕಂದ್ರೆ ಬದುಕಿದ್ದಾಗಲೇ ಕೊಡಬೇಕು."

ಬಾಯಿಗೆ ಬಂದಂತೆ ಬೈದರು. ಛತ್ರಿಯಿಂದ ಕಲ್ಲಿಗೆ ಎರಡೇಟು ಹಾಕಿದರು. ವಾರದೊಳಗೆ ಗಿರಣಿಯ ಬೀಗದ ಕೈ ತಂದುಕೊಟ್ಟರು. ಬದುಕಿರುವವರ ಕಲ್ಲಿನಲ್ಲಿ ಅವರ ಹೆಸರು ಕೆತ್ತಿಸಿದೆ.

ವಾಚನಾಲಯ ತೆರೆಯಿತು. ಗುರುಶಾಂತಪ್ಪನವರು ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಕಿಟಕಿ ಪಕ್ಕ ಕೂರುತ್ತಿದ್ದರು. ತಮ್ಮದೇ ಗಿರಣಿಯ ಹಳೇ ಹಮಾಲರು ಪೇಪರ್ ಓದುವುದನ್ನು ನೋಡುತ್ತಿದ್ದರು. ನಾಲ್ಕೇ ತಿಂಗಳು. ಆಸ್ಪತ್ರೆಗೆ ಹೊರಟ ದಿನ ನನ್ನ ಕೈ ಹಿಡಿದು, "ಈ ತಮಾಷೆ ಹತ್ತು ವರ್ಷ ಮುಂಚೆ ಮಾಡಬಾರದಿತ್ತೇನಯ್ಯಾ?" ಅಂದರು. ಮತ್ತೆ ಬರಲಿಲ್ಲ.

ದಿವಂಗತರ ಕಲ್ಲಿನಲ್ಲಿ ಬೇರೆ ಮೂವತ್ತೊಂದು ಹೆಸರಿವೆ. ಅಷ್ಟೂ ಉಯಿಲುಗಳನ್ನು ನಾನೇ ಕೈಯಾರೆ ತೆಗೆದುಕೊಂಡಿದ್ದೆ. ಅವರೆಲ್ಲ ಒಳ್ಳೆಯವರು. ಒಬ್ಬರೂ ಮೇಜು ಬಡಿದಿರಲಿಲ್ಲ. ಬದುಕಿದ್ದಾಗಲೇ ಕೊಡಿಸುವ ಉಪಾಯ ನನಗೂ ಹೊಳೆದಿರಲಿಲ್ಲ.