ತೊಟ್ಟಿಲಲ್ಲಿ ಮಲಗಿದ ಪೆಟ್ರೋಲ್ ಟ್ಯಾಂಕು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಮಠಕ್ಕೊಬ್ಬರು ಅಜ್ಜನವರು, ಅಜ್ಜನವರಿಗೊಬ್ಬ ಶಿಷ್ಯ, ಇಬ್ಬರಿಗೂ ಸೇರಿ ಒಂದು ಹಳೇ ಪೆಟ್ರೋಲ್ ಜೀಪು.

ಅಜ್ಜನವರ ಹೆಸರು ಮಡಿವಾಳಜ್ಜ. ಮಠಕ್ಕೆ ಬರುವ ಮೊದಲು ಇಪ್ಪತ್ತು ವರ್ಷ ಲಾರಿ ಓಡಿಸಿದವರು.

ಶಿಷ್ಯ ಶಂಭುಲಿಂಗ. ಅವನಿಗೆ ಭಕ್ತಿ ಬಹಳ. ಎಲ್ಲಿ ಇಡಬೇಕೆಂದು ತಿಳಿಯದಷ್ಟು ಬಹಳ. ಪ್ರತಿ ಸೋಮವಾರ ಪೂಜೆ ಮುಗಿಸಿ ಜೀಪಿಗೂ ವಿಭೂತಿ ಬಳಿದು, ಹೂ ಮುಡಿಸಿ, ತೀರ್ಥ ಕೊಟ್ಟು ಬರುತ್ತಿದ್ದ.

"ಹೂವು ಇರಲಿ. ರೇಡಿಯೇಟರಿಗೆ ದಿನಾ ಒಂದು ತಂಬಿಗಿ ನೀರು ಹಾಕು," ಎನ್ನುತ್ತಿದ್ದರು ಅಜ್ಜನವರು.

"ಹೂಂ ರೀ," ಎನ್ನುತ್ತಿದ್ದ. ಮರೆಯುತ್ತಿದ್ದ. ನೀರು ಹಾಕುವುದು ಪೂಜೆಯಲ್ಲವಲ್ಲ! ಕಡೆಗೆ ಅಜ್ಜನವರೇ ತಂಬಿಗೆ ಹಿಡಿದು ಹೋಗುತ್ತಿದ್ದರು.

ಮಠದ ಅಡುಗೆ ನೀಲವ್ವನದು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಾರಿಗೆ ಸಕ್ಕರೆ ಬೀಳುತ್ತಿತ್ತು, ಸಿಹಿ ಹುಗ್ಗಿಗೆ ಉಪ್ಪು ಬೀಳುತ್ತಿತ್ತು. ಭಕ್ತರು ಪ್ರಸಾದವೆಂದು ಕಣ್ಣು ಮುಚ್ಚಿ ನುಂಗುತ್ತಿದ್ದರು. ಹಾಗೆ ನುಂಗಿದವರಲ್ಲಿ ಕೆಲವರು ಮತ್ತೆ ಬರಲಿಲ್ಲ.

ಕಣ್ಣಿನ ಆಪರೇಶನ್ನಿಗೆ ದಿನ ಗೊತ್ತಾಯಿತು. ದವಾಖಾನೆ ಹನ್ನೆರಡು ಮೈಲಿ ದೂರ, ಬಸ್ಸಿಲ್ಲದ ದಾರಿ. ಅಂದೇ ಜೀಪು ನಡುದಾರಿಯಲ್ಲಿ ಕೆಮ್ಮಿತು, ಎರಡು ಸಲ ಕುಪ್ಪಳಿಸಿತು, ನಿಂತೇಬಿಟ್ಟಿತು. ನೀಲವ್ವ ಶಂಭುಲಿಂಗನ ಹೆಗಲು ಹಿಡಿದು ಮಠಕ್ಕೆ ನಡೆದುಬಂದಳು.

ದವಾಖಾನೆಯಿಂದ ಹೇಳಿಕಳಿಸಿದರು: ಮುಂದಿನ ಸೋಮವಾರ ಬನ್ನಿ. ಅದೂ ತಪ್ಪಿದರೆ ಆರು ತಿಂಗಳು.

ನೀಲವ್ವ ಬಾಗಿಲಲ್ಲಿ ನಿಂತು ಶಂಭುಲಿಂಗನನ್ನು ಕೇಳಿದಳು: "ತಮ್ಮಾ, ಅದೂ ತಪ್ಪಿದ್ರ, ಆರು ತಿಂಗಳಾದ್ಮ್ಯಾಗ ನಿನ್ನ ಮಾರಿ ಕಂಡೀತೇನು ನನಗ?"

ಅವನನ್ನು ಸಾಕಿದವಳು ಅವಳೇ. ಕೊಟ್ಟಿಗೆಗೆ ಹೋಗಿ ಅತ್ತ.

ಮರುದಿನ ಜೀಪನ್ನು ಎತ್ತುಗಳಿಂದ ಎಳೆಸಿ ತಂದರು. ಅಜ್ಜನವರು ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದರು. ಬೆರಳು ಕೆಮ್ಮಣ್ಣಿನ ಬಣ್ಣವಾಗಿ ಬಂತು.

"ತುಕ್ಕು," ಎಂದರು.

"ಹೊಸಾ ಟ್ಯಾಂಕ್ ತರೂಣ್ರಿ, ಅಜ್ಜಾರ."

"ಈ ಜೀಪ್ ಮಾಡಿದವ್ರ ಮೊಮ್ಮಕ್ಕಳೂ ಮುದುಕರಾಗ್ಯಾರ. ಹೊಸಾದು ಎಲ್ಲಿ ತರ್ತಿ? ಇದನ್ನ ಬಿಚ್ಚು."

ಟ್ಯಾಂಕು ಬಿಚ್ಚಿದ್ದಾಯಿತು, ಪೆಟ್ರೋಲ್ ಬಸಿದದ್ದಾಯಿತು. ಅಜ್ಜನವರು ಅದರೊಳಗೆ ನಾಲ್ಕು ಹಿಡಿ ಹೊಳೆಯ ಗರಸುಕಲ್ಲು, ಒಂದು ಕೊಡ ಬಿಸಿ ಹುಣಸೆನೀರು ಹಾಕಿ ಬಾಯಿ ಬಿಗಿದರು.

"ಅಲ್ಲಾಡಸು."

"ಎಷ್ಟೊತ್ತ್ರಿ?"

"ಒಳಗಿನ ನೀರು ಕೆಂಪಗ ಬರೂದು ನಿಲ್ಲೂತನಕ."

ಮಧ್ಯಾಹ್ನದ ಹೊತ್ತಿಗೆ ಶಂಭುಲಿಂಗನ ಎರಡೂ ತೋಳು ಬಿದ್ದುಹೋದವು. ಆಗ ಅವನಿಗೊಂದು ಉಪಾಯ ಹೊಳೆಯಿತು. ಯಾರೋ ಹರಕೆಗೆ ಒಪ್ಪಿಸಿದ್ದ ತೊಟ್ಟಿಲು ಮಠದ ಪಡಸಾಲೆಯಲ್ಲಿ ತೂಗಾಡುತ್ತಿತ್ತು. ಟ್ಯಾಂಕನ್ನು ಅದರಲ್ಲಿ ಮಲಗಿಸಿ ತೂಗತೊಡಗಿದ.

ತೊಟ್ಟಿಲ ಸದ್ದು ಕೇಳಿ ನೀಲವ್ವ ಗೋಡೆ ಸವರಿಕೊಂಡು ಬಂದಳು. ಹಗ್ಗ ಇಸಿದುಕೊಂಡಳು.

"ಯಾರ ಕೂಸೋ?"

"ಜೀಪಿಂದವ್ವಾ."

"ಯಾರದರ ಆಗಲಿ, ಕೂಸು ಕೂಸ," ಎಂದು ಕೂತು ಜೋಗುಳ ಶುರುಮಾಡಿದಳು. ಸ್ವಲ್ಪ ಹೊತ್ತಿಗೆ ಹಾಡು ನಿಲ್ಲಿಸಿ ಕಿವಿಗೊಟ್ಟಳು. "ಭಾಳ ಗಡಗಡ ಅಂತೈತಲ್ಲೋ. ಹೊಟ್ಟಿ ಸರಿ ಇಲ್ಲೇನು ಇದಕ್ಕ?"

ಎರಡು ದಿನ ಮಠದಲ್ಲಿ ಜೋಗುಳವೇ ಜೋಗುಳ. ಮೂರು ಸಲ ಹುಣಸೆನೀರು ಬದಲಾಯಿಸಿದ ಮೇಲೆ ನೀರು ಕೆಂಪಗೆ ಬರುವುದು ನಿಂತಿತು. ಶಂಭುಲಿಂಗ ಗರಸು ಸುರಿದು, ಪರೀಕ್ಷೆಗೆಂದು ಟ್ಯಾಂಕಿನ ತುಂಬ ನೀರು ತುಂಬಿದ. ಏಳು ಕಡೆ ಸೋರಿತು.

ಓಡಿಹೋಗಿ ಅಜ್ಜನವರ ಮುಂದೆ ನಿಂತ. "ಅಜ್ಜಾರ, ತುಕ್ಕು ತಗದ್ವಿ, ತೂತು ಬಿದ್ದುವ್ರಿ! ತುಕ್ಕ ಇದ್ದದ್ದ ಚಲೋ ಇತ್ತು."

"ಬಿದ್ದಿಲ್ಲೋ. ಇದ್ದುವು. ಈಗ ಕಂಡುವು."

ಶಂಭುಲಿಂಗ ಟ್ಯಾಂಕನ್ನು ಒಣಗಿಸಿ, ತಲೆಯ ಮೇಲೆ ಹೊತ್ತು, ನಾಲ್ಕು ಮೈಲಿ ನಡೆದು, ಬೆಸುಗೆ ಹಾಕುವ ದಾವಲಸಾಬನ ಅಂಗಡಿಗೆ ಹೋದ. ದಾವಲಸಾಬ ಏಳೂ ತೂತು ಮುಚ್ಚಿದ. ಮುಚ್ಚಿ ಒಂದು ಮಾತು ಹೇಳಿದ.

"ಇದು ನೀರಿನ ತುಕ್ಕು ಐತ್ರಿ ಸ್ವಾಮಿಗೋಳ. ಯಾರೋ ಟ್ಯಾಂಕಿಗೆ ನೀರು ಹಾಕ್ತಾರ. ಅದು ನಿಲ್ಲದ ನನ್ನ ಬೆಸಗಿ ನಿಲ್ಲೂದಿಲ್ಲ."

ಶಂಭುಲಿಂಗನ ಮೈ ಉರಿದುಹೋಯಿತು. ಮಠಕ್ಕೆ ಬಂದವನೇ ಹೇಳಿದ: "ನಮ್ಮ ಜೀಪಿಗೆ ಯಾರೋ ನೀರು ಹಾಕ್ತಾರಂತ, ಅಜ್ಜಾರ!"

ಅಜ್ಜನವರು ಅವನನ್ನೇ ನೋಡಿದರು. "ನೀ ಏನರ ಹಾಕೀಯೇನು?"

"ನಾನಾ? ನಿಮ್ಮ ಪಾದದಾಣಿ, ಒಂದು ಹನಿ ನೀರು ಹಾಕಿಲ್ರಿ."

ಸುಳ್ಳು ಹೇಳಲಿಲ್ಲ, ಪಾಪ. ಅವನಿಗೆ ಸುಳ್ಳು ಹೇಳಲು ಬರುತ್ತಲೇ ಇರಲಿಲ್ಲ.

ಟ್ಯಾಂಕನ್ನು ಜೀಪಿಗೆ ಕೂಡಿಸಿ ಪೆಟ್ರೋಲ್ ಹಾಕಿದರು. ಶಂಭುಲಿಂಗ ಮುಚ್ಚಳಕ್ಕೊಂದು ಬೀಗ ಜಡಿದು, ಕೀಲಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡ. "ಇನ್ನ ಆ ಮಗಾ ಹೆಂಗ ಹಾಕ್ತಾನ ನೋಡೇಬಿಡ್ತೀನಿ," ಎಂದ.

"ಕೀಲಿ ಒಂದ ಐತೇನು?" ಎಂದು ಕೇಳಿದರು ಅಜ್ಜನವರು.

"ಒಂದ ರೀ. ನನ್ನ ಕೊರಳಾಗ."

"ಹಂಗಾರ ಅವನನ್ನ ಹುಡುಕೂದು ಹಗುರಾತು."

"ಹೌದ್ರಿ!" ಎಂದು ಶಂಭುಲಿಂಗ ಹಿಗ್ಗಿದ.

ಸೋಮವಾರ ಬಂತು. ಬೆಳಿಗ್ಗೆ ನೀಲವ್ವ ಗಂಟು ಕಟ್ಟಿಕೊಂಡು ಜೀಪಿನ ಹಿಂದಿನ ಸೀಟಿನಲ್ಲಿ ಕೂತಳು. ಅಜ್ಜನವರು ಬಾನೆಟ್ಟಿಗೆ ಒರಗಿ ನಿಂತಿದ್ದರು.

ಶಂಭುಲಿಂಗ ಪೂಜೆ ಮುಗಿಸಿ ಬಂದ. ಇಂದು ನೀಲವ್ವನ ಕಣ್ಣಿನ ವಿಷಯವಲ್ಲವೇ? ಎಂದಿನ ಗಿಂಡಿ ಸಾಲದೆಂದು ಕೊಡವನ್ನೇ ಹೊತ್ತು ತಂದಿದ್ದ. ಕೊರಳಿನ ಕೀಲಿಯಿಂದ ಬೀಗ ತೆಗೆದ, ಮುಚ್ಚಳ ತಿರುಗಿಸಿದ, ಕಣ್ಣು ಮುಚ್ಚಿ ಮಂತ್ರ ಹೇಳುತ್ತ ಕೊಡ ಬಗ್ಗಿಸಿದ.

ನೀರು ಬೀಳುವ ಮೊದಲೇ ಅಜ್ಜನವರು ಕೊಡದ ಕಂಠ ಹಿಡಿದರು.

"ಏನಿದು?"

"ತೀರ್ಥ ರೀ."

"ಟ್ಯಾಂಕಿಗೆ ಯಾವಾಗಿಂದ ಕೊಡ್ತಿ?"

"ಮೂರು ವರ್ಷಾತು ರೀ. ಒಂದು ಸೋಮವಾರ ತಪ್ಪಿಸಿಲ್ಲ."

ಅಜ್ಜನವರು ಕೊಡ ಇಳಿಸಿದರು. ಜೀಪಿನಲ್ಲಿದ್ದ ಡಬ್ಬಿಯಿಂದ ಚೂರು ಪೆಟ್ರೋಲನ್ನು ಅದರ ಮುಚ್ಚಳಕ್ಕೆ ಬಗ್ಗಿಸಿಕೊಂಡರು.

"ಕೈ ಹಿಡಿ."

ಶಂಭುಲಿಂಗ ಬಲಗೈ ಒಡ್ಡಿದ. ಅಜ್ಜನವರು ನಾಲ್ಕು ಹನಿ ಬಿಟ್ಟರು. ಅವನು ರೂಢಿಯಂತೆ ಕಣ್ಣಿಗೊತ್ತಿಕೊಳ್ಳಲು ಕೈ ಎತ್ತಿದ. ಮೂಗು ಎಚ್ಚರಿಸಿತು.

"ಅಜ್ಜಾರ, ಪೆಟ್ರೋಲ್ ಐತ್ರಿ ಇದು!"

"ಭಕ್ತಿಯಿಂದ ಕೊಟ್ಟೇನಿ. ಕುಡಿ."

"ಇದನ್ನ ಕುಡದ್ರ ನನ್ನ ಗತಿ ಏನ್ರಿ? ಹೊಟ್ಟಿ ಸುಟ್ಟು..."

ಅಲ್ಲಿಗೆ ನಿಂತ. ಟ್ಯಾಂಕಿನ ತೆರೆದ ಬಾಯಿ ನೋಡಿದ, ಕೊಡ ನೋಡಿದ, ಹಿಂದಿನ ಸೀಟಿನಲ್ಲಿ ಗಂಟು ತಬ್ಬಿ ಕೂತ ನೀಲವ್ವನನ್ನು ನೋಡಿದ.

"ನಾನ ರೀ," ಎಂದ. "ಆವತ್ತು ಅವ್ವನ್ನ ನಡುದಾರಿಯೊಳಗ ಇಳಿಸಿದಾವ ನಾನ."

"ಅಳೂದು ಆಮ್ಯಾಲ. ಮುಚ್ಚಳಾ ಹಾಕು, ಹೊತ್ತಾತು."

ಜೀಪು ಹೋಯಿತು. ಎಲ್ಲೂ ಕೆಮ್ಮಲಿಲ್ಲ.

ನಾಲ್ಕನೆಯ ದಿನ ನೀಲವ್ವ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಮಠಕ್ಕೆ ಮರಳಿದಳು. ಶಂಭುಲಿಂಗನ ಗದ್ದ ಹಿಡಿದು, ಅತ್ತ ಇತ್ತ ತಿರುಗಿಸಿ, ಬಹಳ ಹೊತ್ತು ನೋಡಿದಳು.

"ಇಷ್ಟು ದಿನ ನೀ ಚಂದ ಅದೀ ಅಂತ ತಿಳಕೊಂಡಿದ್ನೆಪಾ," ಎಂದಳು. ಎಂದು ಅವನನ್ನು ತಬ್ಬಿಕೊಂಡು ಅತ್ತಳು. ಅಂದಿನ ಹುಗ್ಗಿಗೆ ಬೆಲ್ಲವೇ ಬಿತ್ತು.

ಮತ್ತೆ ಸೋಮವಾರ. ಪೂಜೆ ಮುಗಿಯಿತು. ಶಂಭುಲಿಂಗ ಗಿಂಡಿ ಹಿಡಿದು ಜೀಪಿನ ತನಕ ಬಂದ. ಅಲ್ಲಿಂದ ಮುಂದೆ ಕಾಲು ಏಳಲಿಲ್ಲ. ಹಿಂದಕ್ಕೆ ಹೋಗಲೂ ಮನಸ್ಸಾಗಲಿಲ್ಲ.

ಅಜ್ಜನವರು ಖಾಲಿ ತಂಬಿಗೆ ಹಿಡಿದು ಹೊಳೆಯ ಕಡೆ ಹೊರಟಿದ್ದರು. ಅವನನ್ನು ಕಂಡು ನಿಂತರು.

"ಏನೋ?"

"ಅಜ್ಜಾರ," ಎಂದ. "ಮೂರು ವರ್ಷದ ರೂಢಿ ರೀ. ಕೈ ಕೇಳವಲ್ದು. ಇದನ್ನ ನಾ ಇನ್ನ ಎಲ್ಲಿ ಹಾಕಲಿ?"

ಅಜ್ಜನವರು ಬಾನೆಟ್ಟು ಎತ್ತಿದರು. ರೇಡಿಯೇಟರಿನ ಮುಚ್ಚಳ ತಿರುಗಿಸಿ ತೆಗೆದರು.

"ಇಲ್ಲಿ ಹಾಕು. ಮೂರು ವರ್ಷದಿಂದ ಬಾಯಿ ತಕ್ಕೊಂಡು ಕುಂತೈತಿ."