ಮೂರು ಸೀಮೆಯ ಮೆಟ್ಟು

ಬದುಕಲು ಯಾವ ಸೀಮೆ ಸುರಕ್ಷಿತ ಅಂತ ಅರಸನ ಸಭೆಯಲ್ಲಿ ಬೆಳಗಿನಿಂದ ಜಗಳ. ಮೂಡಲ, ಪಡುವಲ, ತೆಂಕಲ ಸೀಮೆಯ ಮೂವರು ಅಧಿಕಾರಿಗಳೂ "ನಮ್ಮಲ್ಲಿ ಮನೆಗೆ ಬೀಗವೇ ಇಲ್ಲ" ಎಂದು ಗಂಟಲು ಹರಿದುಕೊಂಡರು. ತಲೆ ಕೆಟ್ಟ ಅರಸ ಬಾಗಿಲು ಕಾಯುವ ಕರಿಬೀರನತ್ತ ತಿರುಗಿದ.

"ತೀರ್ಪು ನೀನು ಹೇಳು. ಆಗದಿದ್ದರೆ ನಾಳೆಯಿಂದ ಬಾಗಿಲಿಗೆ ಬರಬೇಡ."

ಒಬ್ಬರನ್ನು ಹೊಗಳಿದರೆ ಇನ್ನಿಬ್ಬರು ಬಿಡುತ್ತಾರೆಯೇ? ಕರಿಬೀರ ತಲೆ ಕೆರೆದುಕೊಂಡ. "ಬುದ್ಧೀ, ಇವರು ಹೊಸ್ತಿಲಾಚೆ ಬಿಟ್ಟ ಮೆಟ್ಟು ನೋಡೋಣ ಬನ್ನಿ" ಅಂದ.

ಅರಸ ಬರಿಗಾಲಲ್ಲೇ ಎದ್ದು ಹೋದ. ಮೂಡಲದವರು ಒಂದು ಮೆಟ್ಟು ಈ ಕಂಬದ ಹತ್ತಿರ, ಇನ್ನೊಂದು ಆ ಕಂಬದ ಹತ್ತಿರ ಬಿಟ್ಟಿದ್ದರು. ಕಳ್ಳನಿಗೆ ಜೋಡಿ ಸಿಗಬಾರದಲ್ಲ. ಪಡುವಲದವರು ತುಳಸಿಕಟ್ಟೆಯ ಹಿಂದೆ ಅಡಗಿಸಿದ್ದರು. ತೆಂಕಲದವರ ಮೆಟ್ಟು ಮಾತ್ರ ಕಳಚಿದ ಜಾಗದಲ್ಲೇ ಅಡ್ಡಾದಿಡ್ಡಿ ಬಿದ್ದಿತ್ತು.

"ಅವರವರ ಊರಿನ ಅಭ್ಯಾಸ, ಬುದ್ಧೀ" ಅಂದ ಕರಿಬೀರ. ಇಬ್ಬರು ಅಧಿಕಾರಿಗಳು ನೆಲ ನೋಡಿದರು.

ಅರಸ ಖುಷಿಯಾಗಿ ಮರಳಿ ಬಂದು ಕೂತ. "ಹಾಗಾದರೆ ನಮ್ಮ ರಾಜಧಾನಿ ಹೇಗೆ?"

ಕರಿಬೀರ ಬಗ್ಗಿ, ಸಿಂಹಾಸನದ ಅಡಿಯಲ್ಲಿ ಬಚ್ಚಿಟ್ಟಿದ್ದ ಅರಸನ ಮೆಟ್ಟನ್ನು ಎಳೆದು ಪಾದದ ಮುಂದಿಟ್ಟ.

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾಳೆಯಿಂದ ಇವನ್ನೂ ಬಾಗಿಲಲ್ಲೇ ಬಿಡ್ತೀನಿ. ನೀನು ಮಾತ್ರ ಅಲ್ಲಿಂದ ಅಲ್ಲಾಡಬೇಡ."