ಗೋಡೆಯಾಚೆಯ ಹೂಂ

"ಮೇಷ್ಟ್ರೇ, ನನ್ನ ಪಾಠವನ್ನು ಎಲ್ಲರೂ ಕೊನೆಯವರೆಗೂ ನೋಡಿದ್ದಾರೆ. ಬಹಳ ಚೆನ್ನಾಗಿದೆ ಎಂದು ಐದೈದು ನಕ್ಷತ್ರ ಕೊಟ್ಟಿದ್ದಾರೆ. ಆದರೂ ಲ್ಯಾಬಿಗೆ ಬಂದಾಗ ಒಬ್ಬರಿಗೂ ಮೋಟಾರಿಗೆ ವೈರು ಜೋಡಿಸಲು ಬರಲಿಲ್ಲ. ತಪ್ಪು ಯಾರದು?"

ಕೇಳಿದವಳು ವಾರಿಜಾ. ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕಿ. ವಿದ್ಯುತ್ ಮೋಟಾರಿನ ಆನ್‌ಲೈನ್ ಕೋರ್ಸನ್ನು ಅವಳೇ ಮುತುವರ್ಜಿಯಿಂದ ರೂಪಿಸಿದ್ದಳು. ಸೋಮವಾರ ಎರಡನೆಯ ತಂಡಕ್ಕೆ ಪಾಠ ಶುರು. ಕೋರ್ಸನ್ನು ಇದ್ದಂತೆಯೇ ಬಿಡಬೇಕೋ, ಕಿತ್ತು ಹೊಸದಾಗಿ ಮಾಡಬೇಕೋ ತಿಳಿಯದೆ, ತನಗೆ ಕಲಿಸಿದ ಚನ್ನವೀರಯ್ಯ ಮೇಷ್ಟ್ರ ಮನೆಗೆ ಬಂದಿದ್ದಳು. ತಪ್ಪು ಹುಡುಗರದೇ ಎಂದು ಮೇಷ್ಟ್ರು ಹೇಳಿಬಿಟ್ಟರೆ ಸಾಕಿತ್ತು ಅವಳಿಗೆ.

ಮೇಷ್ಟ್ರು ಹಾಗೆ ಹೇಳಲಿಲ್ಲ. ಕತೆ ಹೇಳಿದರು.

ಒಬ್ಬ ಗಾರೆಯವನಿದ್ದ. ಕಮಾನು ಕಟ್ಟುವುದರಲ್ಲಿ ಎತ್ತಿದ ಕೈ. ಒಮ್ಮೆ ಕಾಲು ಮುರಿದುಕೊಂಡು ಮಂಚ ಹಿಡಿದ. ಹಿತ್ತಿಲ ಗೋಡೆಯಾಚೆಗೇ ಕಾಲುವೆ. ಅದರ ಮೇಲೆ ಅವನ ಶಿಷ್ಯರು ಕಮಾನು ಸೇತುವೆ ಕಟ್ಟುತ್ತಿದ್ದರು. ಗಾರೆಯವ ಮಂಚದಿಂದಲೇ ಕೂಗಿ ಪಾಠ ಹೇಳಿದ. ಒಂದೊಂದು ಮಾತಿಗೂ ಆಚೆಯಿಂದ "ಹೂಂ" ಬಂತು. ಎಂಥ ಜಾಣ ಶಿಷ್ಯರು ಎಂದು ಅವನು ಉಬ್ಬಿಹೋದ. ಹೂಂ ಜೋರಾದಷ್ಟೂ ಪಾಠ ಉದ್ದವಾಯಿತು.

ನಡುವೆ ಹೆಂಡತಿ ಬಂದಳು. ಗಾರೆಯವ ಅವಳ ಕಡೆ ತಿರುಗಿ, ಅದೇ ಎತ್ತರದ ದನಿಯಲ್ಲಿ, "ನೋಡೇ, ಇವತ್ತು ಸಾರಿಗೆ ಹುಣಸೆಹಣ್ಣು ಕಡಿಮೆ ಹಾಕು" ಎಂದ.

ಗೋಡೆಯಾಚೆಯಿಂದ "ಹೂಂ" ಬಂತು.

ಹೆಂಡತಿ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. ಶಿಷ್ಯರು ಏನನ್ನೂ ಕೇಳಿಸಿಕೊಳ್ಳದೆಯೇ ಹೂಂ ಎನ್ನುತ್ತಿದ್ದಾರೆಂದು ಗಾರೆಯವನಿಗೆ ಆಗ ಹೊಳೆಯಿತು. ಊರವರೆಲ್ಲ ನಡೆದಾಡಬೇಕಾದ ಸೇತುವೆ! ಶಿಷ್ಯರ ಮೇಲೆ ಸಿಟ್ಟು ಬಂತು. ಆಮೇಲೆ ತನ್ನ ಮೇಲೆಯೇ ಇನ್ನೂ ಹೆಚ್ಚು ಬಂತು. ಹೂಂ ಕೇಳಿ ಹಿಗ್ಗಿದವನು ತಾನೇ ಅಲ್ಲವೆ?

ಮರುದಿನ ಅವನು ಏನನ್ನೂ ವಿವರಿಸಲಿಲ್ಲ. "ಕಮಾನಿನ ನೆತ್ತಿಯ ನಡುಗಲ್ಲು ಕೂರಿಸುವ ಮೊದಲೇ ಅಡಿಯ ಆಸರೆ ಹಲಗೆ ತೆಗೆದರೆ ಏನಾಗುತ್ತದೆ?" ಎಂದು ಕೂಗಿ ಉತ್ತರಕ್ಕೆ ಕಾದ.

ಆಚೆ ಗುಸುಗುಸು ಎದ್ದಿತು. ಗುಸುಗುಸು ಜಗಳವಾಯಿತು. ಕೊನೆಗೊಬ್ಬ ಕೂಗಿದ: "ಗುರುಗಳೇ, ಕಲ್ಲೆಲ್ಲ ನಮ್ಮ ಕಾಲ ಮೇಲೇ ಬೀಳುತ್ತೆ! ಈಗಷ್ಟೇ ಹಲಗೆ ಎಳೆಯೋಕೆ ಹೊರಟಿದ್ವಿ, ಬಚಾವಾದ್ವಿ!"

ಗಾರೆಯವ ಮುರಿದ ಕಾಲನ್ನೂ ಮರೆತು ಕುಣಿಯಲು ಎದ್ದ. ಹೆಂಡತಿ ಹಿಡಿದು ಕೂರಿಸಿದಳು. ಸೇತುವೆ ಗಟ್ಟಿಯಾಗಿ ನಿಂತಿತು.

ವಾರಿಜಾ ಮನಸಾರೆ ನಕ್ಕಳು. ಬಂದಾಗ ಇದ್ದ ಭಾರ ಇಳಿದಿತ್ತು. ಸೋಮವಾರದೊಳಗೆ ಪಾಠವನ್ನು ಹೊಸದಾಗಿ ಕಟ್ಟಿಬಿಡುತ್ತೇನೆ ಎಂದು ಹೊರಡಲು ಎದ್ದಳು.

ಮೇಷ್ಟ್ರು ಕೇಳಿದರು: "ಕತೆ ಅರ್ಥವಾಯಿತೇನಮ್ಮ?"

ಹೂಂ ಎನ್ನಲು ತೆರೆದ ಬಾಯಿಯನ್ನು ವಾರಿಜಾ ಹಾಗೆಯೇ ಮುಚ್ಚಿಕೊಂಡಳು.